ಲಿಫ್ಟಿಗೆ ಮೊದಲು ನೆಲ ಭದ್ರವಾಗಲಿ

ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯಿಂದ ಹರಿಹರದವರೆಗೆ ವಾಹನ ದುರಸ್ತಿಯು ಅನೇಕ ಕುಟುಂಬಗಳ ಜೀವನಾಧಾರ. ಭದ್ರಾ ಅಚ್ಚುಕಟ್ಟಿನ ಟ್ರ್ಯಾಕ್ಟರು, ಟಿಲ್ಲರು, ಹುಲ್ಲು ಕತ್ತರಿಸುವ ಯಂತ್ರಗಳೂ ಇಲ್ಲಿನ ಗ್ಯಾರೇಜುಗಳಿಗೇ ಬರುತ್ತವೆ. ನೆಲದ ಗುಂಡಿಯ ಬದಲು ಹೈಡ್ರಾಲಿಕ್ ಲಿಫ್ಟ್ ಅಳವಡಿಸುವುದು ಸ್ವಾಗತಾರ್ಹವೇ. ಆದರೆ ಲಿಫ್ಟ್ ಕೊಂಡ ಮಾತ್ರಕ್ಕೆ ಸುರಕ್ಷತೆ ಲಭಿಸದು.

1948ರ ಕಾರ್ಖಾನೆಗಳ ಕಾಯ್ದೆಯು ಕಾರ್ಖಾನೆಗಳಲ್ಲಿನ ಲಿಫ್ಟುಗಳನ್ನು 6 ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯಿಂದ ಪರೀಕ್ಷಿಸಬೇಕೆಂದು ವಿಧಿಸಿತ್ತು. ಆದರೆ ವಿದ್ಯುತ್ ಬಳಸುವಲ್ಲಿ 10 ಮಂದಿ ಕೆಲಸಗಾರರಿದ್ದರಷ್ಟೇ ಅದು ಕಾರ್ಖಾನೆಯೆನಿಸುತ್ತಿತ್ತು. 2020ರ ಸಂಹಿತೆಯು ಈ ಮಿತಿಯನ್ನು 20ಕ್ಕೆ ಏರಿಸಿತು. ಮೂರು ನಾಲ್ಕು ಜನರ ಗ್ಯಾರೇಜು ಅಂದೂ ಈ ವ್ಯಾಖ್ಯೆಯ ಹೊರಗಿತ್ತು, ಇಂದೂ ಹೊರಗಿದೆ. ಆದ್ದರಿಂದ ಹೊಣೆ ಮಾಲೀಕರದೇ.

1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಲೇತ್‌ಗೆ ಹೆಸರಾದ ಹರಿಹರಕ್ಕೆ ತಳಪಾಯದ ಮಹತ್ವವನ್ನು ವಿವರಿಸಬೇಕಾಗಿಲ್ಲ. ಸಮತಟ್ಟಿಲ್ಲದ ನೆಲದ ಮೇಲೆ ಲೇತ್ ಕೂರಿಸದ ನಾವು, ಬಿರುಕು ಬಿಟ್ಟ ಹಳೆಯ ನೆಲಕ್ಕೆ ಎರಡು ಕಂಬದ ಲಿಫ್ಟ್ ಬಿಗಿಯುವುದು ಸರಿಯೇ? ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ತಯಾರಕರು ಸೂಚಿಸಿದ ದಪ್ಪದ ಕಾಂಕ್ರೀಟು ಹಾಕಿ, ಅದು ಪೂರ್ಣ ಗಟ್ಟಿಯಾದ ಬಳಿಕವೇ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಬಿಗಿಯತಕ್ಕದ್ದು.

ಬಳಕೆಯಲ್ಲಿಯೂ ಶಿಸ್ತು ಅಗತ್ಯ. ವಾಹನವನ್ನು ಒಂದಡಿಗಿಂತ ಕಡಿಮೆ ಎತ್ತಿ, ಅಲುಗಾಡಿಸಿ ನೋಡಿ, ಅನಂತರ ಮೇಲೇರಿಸಬೇಕು. ಎತ್ತಿದ ಭಾರವು ಎಣ್ಣೆಯ ಒತ್ತಡದ ಮೇಲಲ್ಲದೆ ಯಾಂತ್ರಿಕ ಬೀಗದ ಮೇಲೆ ನಿಂತಿರಬೇಕು. ಸೀಲ್ ಹರಿದರೆ ಒತ್ತಡ ಉಳಿಯದು.

ಕಾರಿನ ಲಿಫ್ಟಿಗೆ ಟಿಲ್ಲರನ್ನಾಗಲಿ ಹುಲ್ಲು ಕತ್ತರಿಸುವ ಯಂತ್ರವನ್ನಾಗಲಿ ಏರಿಸುವುದು ಅಪಾಯಕರ. ಅವುಗಳ ಅಗಲವೂ ಭಾರದ ಹಂಚಿಕೆಯೂ ಬೇರೆ. ಅವಕ್ಕೆ ತಕ್ಕ ಸ್ಟ್ಯಾಂಡುಗಳನ್ನೇ ಬಳಸಬೇಕು. ಅಲಗು ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಬೇಕು. ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ.

ತಪಾಸಣೆಯ ವೆಚ್ಚ ಸಣ್ಣ ಗ್ಯಾರೇಜಿಗೆ ಹೊರೆಯೆಂಬ ಮಾತಿನಲ್ಲಿ ಹುರುಳಿದೆ. ಹತ್ತು ಮಾಲೀಕರು ಕೂಡಿ ಒಬ್ಬ ಅರ್ಹ ಇಂಜಿನಿಯರನ್ನು ಕರೆಸಿದರೆ ಹೊರೆ ಹತ್ತರಲ್ಲೊಂದಾಗುತ್ತದೆ. ನಮ್ಮ ಸಂಸ್ಥೆಯು ಮುಂದಾಗಿ, ನಗರದ ಯು.ಬಿ.ಡಿ.ಟಿ. ಹಾಗೂ ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳ ನೆರವನ್ನು ಕೋರಬಹುದು. ಲಿಫ್ಟಿನ ಕೆಳಗೆ ನಿಲ್ಲುವವನು ಬಹುಪಾಲು ಕೆಲಸ ಕಲಿಯಲು ಬಂದ ಹುಡುಗ. ಅವನಿಗೆ ಯಂತ್ರವನ್ನು ಶಂಕಿಸುವ ಅನುಭವವಿಲ್ಲ. ಅವನ ಪರವಾಗಿ ಶಂಕಿಸಬೇಕಾದವರು ಮಾಲೀಕರು. ಸದಸ್ಯ ಬಾಂಧವರು ಈ ವಿಚಾರವನ್ನು ಮುಂದಿನ ಸಭೆಯಲ್ಲಿಯೇ ಕೈಗೆತ್ತಿಕೊಳ್ಳಲೆಂದು ವಿನಂತಿ.