ಮನೋರೋಗಿಗೂ ದೇಹವಿದೆ

ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆ ಮೂವತ್ತು ದಾಟಿದವರ ಹೆಸರು ಕೇಳುತ್ತಾರೆ. ಮನೆಯವರು ಎಲ್ಲರ ಹೆಸರನ್ನೂ ಬರೆಸುತ್ತಾರೆ. ಒಳಕೋಣೆಯಲ್ಲಿರುವ ಒಬ್ಬನದು ಮಾತ್ರ ಉಳಿದುಬಿಡುತ್ತದೆ. “ಅವನಿಗೆ ತಲೆ ಸರಿಯಿಲ್ಲ, ಬಿಡಿ” ಎಂಬಲ್ಲಿಗೆ ಪಟ್ಟಿ ಮುಗಿಯುತ್ತದೆ. ಆ ಮಾತಿನಲ್ಲಿ ದ್ವೇಷವಿಲ್ಲ, ಸಂಕೋಚವೂ ದಣಿವೂ ಇವೆ. ಆದರೂ ಅದರ ಬೆಲೆ ತೆರುವವನು ಒಳಕೋಣೆಯವನೇ.

ತೀವ್ರ ಮನೋರೋಗವುಳ್ಳವರಲ್ಲಿ ತಂಬಾಕಿನ ಬಳಕೆ ಇತರರಿಗಿಂತ ಹೆಚ್ಚೆಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಕ್ಯಾನ್ಸರ್ ತಪಾಸಣೆಗೆ ಒಳಗಾಗುವವರು ಮಾತ್ರ ಅವರಲ್ಲಿ ಕಡಿಮೆ. ಬಾಯಿ ಉರಿಯುತ್ತದೆ, ಗಂಟಲು ನೋಯುತ್ತದೆ ಎಂದು ಅವರು ಹೇಳಿಕೊಂಡರೂ ಅದನ್ನು ಮನಸ್ಸಿನ ಕಾಯಿಲೆಯ ಲೆಕ್ಕಕ್ಕೇ ಸೇರಿಸಿಬಿಡುವುದುಂಟು.

ಬಾಯಿಯ ಕ್ಯಾನ್ಸರನ್ನು ಮೊದಲೇ ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು ಇದರಿಂದ ಸುಮಾರು ಮೂರನೇ ಒಂದರಷ್ಟು ಇಳಿದವೆಂದು 2005ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಇಂದು ಮೂವತ್ತು ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ತಪಾಸಣೆ ಸರಕಾರಿ ಕಾರ್ಯಕ್ರಮದ ಭಾಗವಾಗಿದೆ.

ಇದರಿಂದ ಮನೋರೋಗಿಯನ್ನು ಹೊರಗಿಡಲು ಕಾನೂನು ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 21ನೆಯ ಸೆಕ್ಷನ್ ಪ್ರಕಾರ, ದೈಹಿಕ ಕಾಯಿಲೆಯವರಿಗೆ ದೊರೆಯುವ ಆರೋಗ್ಯ ಸೇವೆಗಳು ಅದೇ ರೀತಿಯಲ್ಲಿ, ಅದೇ ಪ್ರಮಾಣದಲ್ಲಿ, ಅದೇ ಗುಣಮಟ್ಟದಲ್ಲಿ ಮಾನಸಿಕ ಕಾಯಿಲೆಯವರಿಗೂ ದೊರೆಯತಕ್ಕದ್ದು. ಮನೋರೋಗವಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬುದ್ಧಿಸ್ಥಿಮಿತವಿಲ್ಲದವರೆಂದು ಎಣಿಸುವಂತಿಲ್ಲವೆಂದು 3ನೆಯ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಮೊದಲು ಕೇಳಬೇಕಾದುದು ಅವನನ್ನೇ. ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕನ್ನೂ 22ನೆಯ ಸೆಕ್ಷನ್ ಅವನಿಗೆ ಕೊಟ್ಟಿದೆ. ಗಡಿಯಾಚೆಯ ಕನ್ನಡಿಗನಿಗೆ ಇದು ಸಣ್ಣ ಮಾತಲ್ಲ.

ಕಾನೂನು ಒಳಕೋಣೆಯ ಬಾಗಿಲನ್ನು ತಾನಾಗಿ ತೆರೆಯದು. ಆ ಕೆಲಸ ಮನೆಯವರದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಬೀಡಿ, ಹೊಗೆಸೊಪ್ಪು ಬಿಡಿಸುವ ಪ್ರಯತ್ನವನ್ನೂ ಕೈಬಿಡಬಾರದು. ಕ್ಲೋಜಪಿನ್ ಅಥವಾ ಒಲಾಂಜಪಿನ್ ಮಾತ್ರೆ ತೆಗೆದುಕೊಳ್ಳುವವರು ಧೂಮಪಾನ ಬಿಟ್ಟಾಗ ರಕ್ತದಲ್ಲಿ ಔಷಧದ ಅಂಶ ಏರಬಹುದು. ಆದುದರಿಂದ ಮನೋವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು. ಹುಣ್ಣು ಎಂದಿನಿಂದ ಇದೆ, ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಡುವ ಕೆಲಸವನ್ನು ಪ್ರೌಢಶಾಲೆಯ ಮಗುವೂ ಮಾಡಬಲ್ಲದು.

ಮುಂದಿನ ಬಾರಿ ಆಶಾ ಕಾರ್ಯಕರ್ತೆ ಬಂದಾಗ ಒಳಕೋಣೆಯವನ ಹೆಸರೂ ಪಟ್ಟಿಗೆ ಸೇರಲಿ.