ಜಿನ್ನ್ ಅಲ್ಲ, ನಟನೆಯೂ ಅಲ್ಲ

ನಡುರಾತ್ರಿ ಮನೆಮಗಳೊಬ್ಬಳು ಹಠಾತ್ತನೆ ಎದ್ದು ಕೂರುತ್ತಾಳೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಾಲದಾಗುತ್ತದೆ, ಬೆರಳುಗಳು ಜೋಮು ಹಿಡಿಯುತ್ತವೆ, ಮೈ ಬೆವರುತ್ತದೆ. ಈಗಲೇ ಸಾಯುತ್ತೇನೆಂದು ಅವಳು ನಂಬಿಬಿಡುತ್ತಾಳೆ. ಆಸ್ಪತ್ರೆಯಲ್ಲಿ ಇಸಿಜಿ ಸರಿಯಿದೆ ಎಂದೊಡನೆ ಮನೆಯವರ ತೀರ್ಪು ಎರಡರಲ್ಲೊಂದು: ನಟನೆ, ಇಲ್ಲವೇ ಜಿನ್ನ್ ಬಾಧೆ. ಮರುದಿನವೇ ತಾಯಿತ, ಮಂತ್ರಿಸಿದ ನೀರು.

ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಅಪಾಯದ ವೇಳೆ ದೇಹವನ್ನು ಓಡಲು ಸಜ್ಜುಗೊಳಿಸುವ ವ್ಯವಸ್ಥೆಯೇ ಅಪಾಯವಿಲ್ಲದಾಗಲೂ ಎಚ್ಚೆತ್ತರೆ ಹೀಗಾಗುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಅದು ತಾರಕಕ್ಕೇರಿ ಇಳಿಯುತ್ತದೆ. ಆದರೆ ಮತ್ತೆ ಬಂದೀತೆಂಬ ಭಯ ಇಳಿಯುವುದಿಲ್ಲ. ಕಾಲೇಜು, ಬಸ್ಸು, ಮದುವೆಮನೆ ಒಂದೊಂದಾಗಿ ಅವಳಿಂದ ದೂರವಾಗುತ್ತವೆ. (ಎದೆನೋವು ಬಂದಾಗ ಮೊದಲು ಹೃದಯದ ಪರೀಕ್ಷೆ ಆಗಲೇಬೇಕು, ಅದರಲ್ಲಿ ಉದಾಸೀನ ಸಲ್ಲದು.)

ದುಆವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಚಿಕಿತ್ಸೆ ಪಡೆಯಿರೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ಮನಸ್ಸಿನ ರೋಗವನ್ನು ಮಾತ್ರ ಹೊರಗಿಟ್ಟದ್ದೇಕೆ? 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ಭಯ, ದುಃಖ, ಕೋಪಗಳಿಗೂ ಪರಿಹಾರ ಚರ್ಚಿಸಿದ್ದರು. ಅವರ ವಾರಸುದಾರರಾದ ನಾವು 'ಈಮಾನ್ ದುರ್ಬಲ' ಎಂದು ರೋಗಿಯ ಮೇಲೆಯೇ ತಪ್ಪು ಹೊರಿಸುತ್ತೇವೆ. ಸಂಬಂಧ ಕೂಡಿಬರದೆಂದು ಹೆತ್ತವರು ಮನೋವೈದ್ಯರ ಬಾಗಿಲನ್ನೇ ತಪ್ಪಿಸುತ್ತಾರೆ. ಆಪ್ತಸಮಾಲೋಚನೆಗೂ ಔಷಧಕ್ಕೂ ಚೆನ್ನಾಗಿ ಸ್ಪಂದಿಸುವ ಕಾಯಿಲೆಯಿದು! 2022ರಲ್ಲಿ ಆರಂಭವಾದ ಸರಕಾರಿ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ನಮ್ಮ ಖತೀಬರು ಒಂದು ಜುಮಾದಂದು ಈ ಸಂಖ್ಯೆಯನ್ನು ಮಿಂಬರ್‌ನಿಂದಲೇ ಹೇಳಬಾರದೇ?