ಡಾಕ್ಟರೇಟ್ ಪಡೆದ ನರ್ಸಬಾಯಿ ವಾರ್ಡಿನಲ್ಲೇ ಇರಲಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಜಿಎನ್ಎಂ, ಬಿಎಸ್ಸಿ ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. "ಮುಂದ ಏನ್ ಓದ್ತೀಯವ್ವಾ?" ಎಂದು ಕೇಳಿ ನೋಡಿ. ಮನೆಯವರೇ ಉತ್ತರ ಕೊಡುತ್ತಾರೆ: "ಸಾಕ್ ಬಿಡ್ರಿ, ಇಂಜೆಕ್ಷನ್ ಮಾಡಾಕ ಇನ್ನೆಷ್ಟು ಓದಬೇಕು?"

ಈ ಮಾತು ತಪ್ಪು. ಆದರೆ ಅದು ಹುಟ್ಟಲು ನಮ್ಮ ವ್ಯವಸ್ಥೆಯೂ ಕಾರಣ.

ನಾಲ್ಕು ವರ್ಷದ ಬಿಎಸ್ಸಿ, ಎರಡು ವರ್ಷದ ಎಂಎಸ್ಸಿ, ಆಮೇಲೆ ಪಿಎಚ್‌ಡಿ. ಇದಕ್ಕಾಗಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜತೆ ಸೇರಿ ರಾಷ್ಟ್ರಮಟ್ಟದ ವ್ಯವಸ್ಥೆಯನ್ನೇ ಮಾಡಿದೆ. ಆದರೆ ಇಷ್ಟು ಓದಿದವರು ಹೆಚ್ಚಾಗಿ ಪಾಠ ಮಾಡಲು ಕಾಲೇಜು ಸೇರುತ್ತಾರೆ. ಓದು ಹೆಚ್ಚಿದಷ್ಟೂ ರೋಗಿ ದೂರವಾಗುತ್ತಾನೆ.

ಅಮೆರಿಕದಲ್ಲಿ ಇನ್ನೊಂದು ದಾರಿ ಇದೆ. ಅದರ ಹೆಸರು ಡಿಎನ್‌ಪಿ, ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್. 2004ರಲ್ಲಿ ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ ಇದಕ್ಕೆ ಬೆಂಬಲ ಕೊಟ್ಟಿತು. ಪಿಎಚ್‌ಡಿ ಹೊಸದನ್ನು ಹುಡುಕುವ ಓದು. ಡಿಎನ್‌ಪಿ, ಈಗಾಗಲೇ ಗೊತ್ತಿರುವುದನ್ನು ವಾರ್ಡಿನಲ್ಲಿ ಸರಿಯಾಗಿ ಜಾರಿಗೆ ತರುವ ಓದು.

ನಮಗೆ ಬೇಕಿರುವುದೂ ಇದೇ. ಗೋವಿನಜೋಳದ ಹೊಲದಲ್ಲಿ ಹಾವು ಕಡಿಸಿಕೊಂಡವರಿಗೆ ತಾಲೂಕು ಆಸ್ಪತ್ರೆಯಲ್ಲಿ ಎಷ್ಟು ನಿಮಿಷಕ್ಕೆ ಔಷಧ ಸಿಕ್ಕಿತು? ಯಾರನ್ನು ಹುಬ್ಬಳ್ಳಿಗೆ ಕಳಿಸಬೇಕಾಯಿತು, ಯಾಕೆ? ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಲೆಕ್ಕ ಬರೆದಿಟ್ಟರೆ ಸಾಲದು, ಅದನ್ನು ಓದಿ ತಪ್ಪು ತಿದ್ದುವವರು ಬೇಕು. ರಾತ್ರಿಯಿಡೀ ರೋಗಿಯ ಪಕ್ಕದಲ್ಲಿರುವ ನರ್ಸಬಾಯಿಗಿಂತ ಇದನ್ನು ಚೆನ್ನಾಗಿ ಬಲ್ಲವರು ಯಾರು?

"ಮೊದಲು ಖಾಲಿ ಹುದ್ದೆ ತುಂಬಲಿ, ಡಾಕ್ಟರೇಟ್ ಆಮೇಲೆ" ಎನ್ನುವವರಿದ್ದಾರೆ. ಹುದ್ದೆ ತುಂಬಲೇಬೇಕು. ಆದರೆ ಮೇಲೇರುವ ದಾರಿಯೇ ಇಲ್ಲದ ಕೆಲಸದಲ್ಲಿ ಜಾಣರು ಎಷ್ಟು ದಿನ ಇದ್ದಾರು?

ಅರ್ಧ ದಾರಿ ಈಗಾಗಲೇ ಆಗಿದೆ. ಉಪಕೇಂದ್ರಗಳಲ್ಲಿ ಬಿಎಸ್ಸಿ ನರ್ಸಿಂಗ್ ಓದಿದವರೇ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಬಿಪಿ, ಶುಗರ್ ನೋಡುತ್ತಿದ್ದಾರೆ. ತೀವ್ರ ನಿಗಾ ಘಟಕಕ್ಕೆಂದೇ ಕೌನ್ಸಿಲ್ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ರೂಪಿಸಿದೆ. ಇದರ ಮುಂದಿನ ಮೆಟ್ಟಿಲೇ ವಾರ್ಡಿನ ಡಾಕ್ಟರೇಟ್. ಓದಲು ಸಂಬಳಸಹಿತ ರಜೆ, ಓದಿ ಬಂದ ಮೇಲೆ ತಾಲೂಕು ಆಸ್ಪತ್ರೆಯಲ್ಲೇ ಹುದ್ದೆ. ಸರ್ಕಾರ ಇಷ್ಟು ಕೊಡಲಿ.

ಪಾಲಕರಿಗೊಂದು ಮಾತು. ವಿದೇಶದ ಆನ್‌ಲೈನ್ ಡಿಎನ್‌ಪಿ ಎಂದು ಯಾರಾದರೂ ಬಂದರೆ, ಹೊಲ ಅಡವಿಟ್ಟು ಹಣ ಕಟ್ಟಬೇಡಿ. ಇಲ್ಲಿ ಅದಕ್ಕೆ ಮಾನ್ಯತೆ ಇದೆಯೇ ಎಂದು ಮೊದಲು ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಕೇಳಿ. ಹಾಗಂತ ಓದುವ ಮಗಳಿಗೆ ಮಾತ್ರ "ಸಾಕು" ಅನ್ನಬೇಡಿ.